ಸರ್ವರ್ ರ‍್ಯಾಮ್ ಹಾಕಿದರೆ ಪಿಸಿ ವರ್ಕ್‌ಸ್ಟೇಷನ್ ಆಗಲ್ಲ

ಕುಮಟಾದವರೇ, ಸ್ವಲ್ಪ ತಡೆಯಿರಿ. ಐ5 ಪಿಸಿಗೆ ಅಗ್ಗದ 64 ಜಿಬಿ ಸರ್ವರ್ ರ‍್ಯಾಮ್ ಹಾಕಿ, ಮನೆ ಪ್ಲಾನ್ ಮತ್ತು ರೆಂಡರಿಂಗ್‌ಗೆ (ಪ್ಲಾನಿನಿಂದ ನೈಜವಾಗಿ ಕಾಣುವ ಚಿತ್ರ ತೆಗೆಯೋದು) ವರ್ಕ್‌ಸ್ಟೇಷನ್, ಅಂದ್ರೆ ಭಾರಿ ಕೆಲಸದ ಕಂಪ್ಯೂಟರ್, ಮಾಡ್ಕೊಳ್ತೀನಿ ಅಂತ ಬರೆದಿದ್ದೀರಿ. ಆರ್ಡರ್ ಮಾಡಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿ ಮಾರಾಯ್ರೆ.

ನಾನೂ ಅದನ್ನೇ ತರಿಸಿದ್ದೆ. ಡಿಡಿಆರ್4 ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಲಾಕ್ ಟಕ್ ಅಂತ ಬೀಳುತ್ತದೆ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಬೋರ್ಡ್ ಹೋಯ್ತು ಅಂತ ಪ್ರೊಸೆಸರ್ ಬಿಚ್ಚಿ ಪೇಸ್ಟ್ ಹಚ್ಚಿದ್ದೂ ಆಯ್ತು, ಬಯಾಸ್ ರಿಸೆಟ್ ಮಾಡಿದ್ದೂ ಆಯ್ತು. ಅದು ನಡುವೆ ಬಫರ್ ಚಿಪ್ ಇರುವ ರಿಜಿಸ್ಟರ್ಡ್ ರ‍್ಯಾಮ್, ಝಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ತರದ ಬೋರ್ಡಿಗೆ ಮಾತ್ರ ಅಂತ ಮಾರಿದವನು ಬಾಯಿ ಬಿಡಲೇ ಇಲ್ಲ. ಸ್ಟಿಕ್ಕರ್ ನೋಡಿ: ಪಿಸಿ4-2400ಟಿ ತರದ ನಂಬರ್ ಆದಮೇಲೆ ಆರ್ (R) ಇದ್ದರೆ ಮುಟ್ಟಬೇಡಿ. ಯು (U) ಇದ್ದರೆ ಸಾದಾ ರ‍್ಯಾಮ್. ಇ (E) ಇದ್ದರೆ ಇಸಿಸಿ, ಅಂದ್ರೆ ತಪ್ಪು ತಿದ್ದುವ ಮೆಮೊರಿ, ಆದರೆ ಬಫರ್ ಇಲ್ಲದ್ದು. ಅದೂ ಬೋರ್ಡ್ ಸಪೋರ್ಟ್ ಇದ್ದರೆ ಮಾತ್ರ ತಪ್ಪು ತಿದ್ದುತ್ತದೆ. ಅದಕ್ಕೆ ಇಂಟೆಲ್ 12ರಿಂದ 14ನೇ ಪೀಳಿಗೆಯ ಕೋರ್‌ನಲ್ಲಿ ಡಬ್ಲ್ಯೂ680 ತರದ ಚಿಪ್‌ಸೆಟ್ ಇರುವ ಬೋರ್ಡ್ ಬೇಕು. ಎಎಂಡಿಯ ರೈಜೆನ್ ಪ್ರೊಸೆಸರ್ ಆದರೆ ಬೋರ್ಡ್ ಕಂಪನಿಯ ಪುಟ ಓದಿಯೇ ತಗೊಳ್ಳಿ.

ವರ್ಕ್‌ಸ್ಟೇಷನ್‌ಗೆ ಜಾಸ್ತಿ ದುಡ್ಡು ಕೊಡೋದು ರಾತ್ರಿ-ಹಗಲು ಫುಲ್ ಲೋಡಿನಲ್ಲಿ ಲೆಕ್ಕ ತಪ್ಪದೆ ಓಡಲಿ ಅಂತ. ಇಸಿಸಿಯಲ್ಲಿ 64 ಬಿಟ್ ಡೇಟಾಗೆ 8 ಬಿಟ್ ಕಾವಲು. ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ಹೇಳುತ್ತದೆ. ಸಾದಾ ಪಿಸಿಯಲ್ಲಿ ಮೆಮೊರಿ ಚಾನೆಲ್ (ಪ್ರೊಸೆಸರ್‌ಗೆ ಡೇಟಾ ಹೋಗುವ ದಾರಿ) ಎರಡು, ಎಎಂಡಿಯ ವರ್ಕ್‌ಸ್ಟೇಷನ್ ಪ್ರೊಸೆಸರ್ ಥ್ರೆಡ್‌ರಿಪ್ಪರ್ ಪ್ರೊದಲ್ಲಿ ಎಂಟು, ಜೊತೆಗೆ ಕಾರ್ಡ್‌ಗಳಿಗೆ ಡೇಟಾ ಹೋಗುವ 128 ಪಿಸಿಐಇ ಲೇನ್. ನಾಲ್ಕು ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಅದು ಬೇಕು. ಸಾಲಿಡ್‌ವರ್ಕ್ಸ್ ಅನ್ನೋ ವಿನ್ಯಾಸ ಸಾಫ್ಟ್‌ವೇರ್‌ನವರು ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವರ್ ಎರಡನ್ನೂ ಪರೀಕ್ಷಿಸಿ ಪಟ್ಟಿ ಕೊಡುತ್ತಾರೆ. ಎನ್‌ವಿಡಿಯಾದ ಕ್ವಾಡ್ರೊ ತರದ ವೃತ್ತಿಪರ ಕಾರ್ಡ್‌ಗಳಿಗೆ ಹೆಚ್ಚು ಬೆಲೆ ಅದಕ್ಕೂ.

ನಿಮಗೆ ಇದ್ಯಾವುದೂ ಬೇಡ. ಆಟೋಕ್ಯಾಡ್‌ನ ಹೆಚ್ಚಿನ ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ. 14 ಕೋರಿನ ಹಳೆ ಝಿಯಾನ್ ಇ5-2680 ವಿ4 ಟರ್ಬೊದಲ್ಲೂ 3.3 ಗಿಗಾಹರ್ಟ್ಸ್ ದಾಟಲ್ಲ, ನಿಮ್ಮ ಈಗಿನ ಐ5 ಅದಕ್ಕಿಂತ ಚುರುಕು ಇರಬಹುದು. ಎನ್‌ಸ್ಕೇಪ್, ಲ್ಯೂಮಿಯನ್ ತರದ ರೆಂಡರಿಂಗ್ ಸಾಫ್ಟ್‌ವೇರ್‌ಗೆ 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿ, ಸಾದಾ ರ‍್ಯಾಮ್ 32 ಜಿಬಿ ಮಾಡಿ. ಆಮೇಲೂ ಡ್ರೋನ್ ಸರ್ವೆ, ಸಿಮ್ಯುಲೇಷನ್ ಅಂತ ದಿನಗಟ್ಟಲೆ ಓಡಿಸುವ ಕೆಲಸ ಬಂದರೆ ಆಗ ವರ್ಕ್‌ಸ್ಟೇಷನ್ ಮಾತು.

ಸೆಕೆಂಡ್ ಹ್ಯಾಂಡ್ ಡೆಲ್ ಪ್ರಿಸಿಷನ್ ಟಿ5810, ಎಚ್‌ಪಿ ಜೆಡ್440 ಎರಡೂ ಗಟ್ಟಿ ಡಬ್ಬಗಳು, ನನಗೆ ಎಚ್‌ಪಿ ಇಷ್ಟ. ಆದರೆ ಪವರ್ ಸಪ್ಲೈ ಆಯಾ ಕಂಪನಿಯದ್ದೇ ಬೇಕು. ಸುಟ್ಟರೆ ಅಂಗಡಿಯ ಸಾದಾ ಎಟಿಎಕ್ಸ್ ಸಪ್ಲೈ ಹಾಗೇ ಹಾಕಲಾಗಲ್ಲ. ಅವುಗಳೊಳಗಿನ ಝಿಯಾನ್‌ಗಳು ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ. 'ಝಿಯಾನ್' ಅಂದ ಕೂಡಲೇ ಓಡಬೇಡಿ ಅಂತ ಎಷ್ಟು ಸಲ ಹೇಳೋದು!

ಇನ್ನೊಂದು ಮಾತು. ಕಡಲ ಪಕ್ಕದ ಉಪ್ಪು ಗಾಳಿಗೆ ರ‍್ಯಾಮಿನ ಕಾಲುಗಳ (ಅಂಚಿನ ಲೋಹದ ಪಟ್ಟಿಗಳ) ಮೇಲೆ ಕಲೆ ಹಿಡಿಯುತ್ತದೆ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಮಷಿನ್ ಚಾಲೂ ಇಡಿ, ತೇವ ಒಣಗಲಿ. ಡಿಸ್‌ಪ್ಲೇ ಬಾರದಿದ್ದರೆ ಪೂರ್ತಿ ಆಫ್ ಮಾಡಿ, ಮೊದಲು ರ‍್ಯಾಮ್ ತೆಗೆದು ಅದರ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ನೋಡಿ. 600 ವಿಎ ಸಾಮರ್ಥ್ಯದ ಯುಪಿಎಸ್‌ಗೆ ಗ್ರಾಫಿಕ್ಸ್ ಕಾರ್ಡ್ ಇರುವ ಮಷಿನ್ ಭಾರ. ರೆಂಡರ್ ನಡುವೆ ಕರೆಂಟ್ ಹೋದರೆ ಕೈ ಕೊಡುತ್ತದೆ. ಕನಿಷ್ಠ 1100 ವಿಎ ತಗೊಳ್ಳಿ, ಅದಕ್ಕಿಂತ ಮೊದಲು ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ. ಬೋರ್ಡಿನ ಮಾಡೆಲ್ ನಂಬರ್ ಇಲ್ಲೇ ಹಾಕಿ, ಯಾವ ರ‍್ಯಾಮ್ ಆಗುತ್ತೆ ನೋಡಿ ಹೇಳುತ್ತೇನೆ.