ಚೀಟಿ ಇಲ್ಲದೆ ಬಂದೂಕು ಕೈಬಿಡಬೇಡ ತಮ್ಮ

ಸಿಂಧನೂರಿನ ತಮ್ಮನಿಗೆ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಕ್ಕನ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕು ಡಲ್ಲಾಸಿಗೆ ಬಂದು ಹತ್ತು ತಿಂಗಳಾಯಿತು ಅಂದಿದ್ದೀ. ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡುವಾಗ ಹೆದರಿಕೆಗೆ ಒಂದು 9 ಎಂ.ಎಂ. ಪಿಸ್ತೂಲು ಅಂಗಡಿಯಿಂದ ಕೊಂಡೆ, ಈಗ ಹಗಲು ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೆಂಡತಿಯೂ ನಾಲ್ಕು ವರ್ಷದ ಮಗಳೂ ಊರಿಂದ ಬರುತ್ತಾರೆ, ಅದು ಮನೆಯಲ್ಲಿ ಇರಬಾರದು ಅಂತ ನಿನ್ನ ಆಸೆ. ಗುರುತಿಲ್ಲದ ಇಬ್ಬರು ಕೊಳ್ಳಲು ಮುಂದೆ ಬಂದಿದ್ದಾರೆ. ಒಬ್ಬ ಒಕ್ಲಹೋಮದವನು. ಇನ್ನೊಬ್ಬ ಇಲ್ಲಿಯವನೇ, ಪೇಪರ್ ಏನೂ ಬೇಡ, ನಗದು ಕೊಡ್ತೀನಿ, ಕೇಳಿದ್ದಕ್ಕಿಂತ ಐವತ್ತು ಡಾಲರ್ ಜಾಸ್ತಿಯೇ ಕೊಡ್ತೀನಿ ಅಂದಿದ್ದಾನೆ. 'ಅಣ್ಣ, ಟೆಕ್ಸಾಸಿನಾಗ ಹಂಗೇ ಮಾರಬಹುದಂತ, ಖರೇನ?' ಅಂತ ಕೇಳಿದ್ದೀ.

ಅರ್ಧ ಖರೆ. ಉಳಿದರ್ಧ ಗೊತ್ತಿಲ್ಲದೆ ನಾನೊಮ್ಮೆ ಸಿಕ್ಕಿಹಾಕಿಕೊಂಡಿದ್ದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೀನಿ.

ಮೊದಲು ನಮ್ಮೂರಿನ ಮಾತು. ನಮ್ಮದು ದರೋಜಿ ಗುಡ್ಡದ ಮಗ್ಗುಲಿನ ಹಳ್ಳಿ. ಅಲ್ಲಿ ಕರಡಿಧಾಮ ಆಗಿದ್ದು 1994ರಲ್ಲಿ, ಕರಡಿಗಳು ಮಾತ್ರ ಅದಕ್ಕಿಂತ ಎಷ್ಟೋ ಮೊದಲಿನಿಂದ ನಮ್ಮ ಶೇಂಗಾ ಹೊಲಕ್ಕೆ ಬರುತ್ತಿದ್ದವು. ಹಂದಿ ಕಾಟ ಬೇರೆ. ಬೆದರಿಸೋದಕ್ಕೆ ಅಂತ ಅಪ್ಪನ ಹತ್ತಿರ ಲೈಸನ್ಸಿನ ಒಂದು ನಳಿಗೆಯ ತೋಟಾ ಬಂದೂಕು ಇತ್ತು. ಚುನಾವಣೆ ಘೋಷಣೆಯಾದರೆ ಸಾಕು, ಬಂದೂಕನ್ನು ಠಾಣೆಗೆ ಒಪ್ಪಿಸಿ ಬರಬೇಕು. ಅಪ್ಪ ಅದನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಸೈಕಲ್ಲಿನ ದಂಡಿಗೆ ಕಟ್ಟುತ್ತಿದ್ದ, ನಾನು ಹಿಂದಿನ ಕ್ಯಾರಿಯರ್ ಮೇಲೆ. ಠಾಣೆಯಲ್ಲಿ ರೈಟರು ನಳಿಗೆಯ ಮೇಲಿನ ನಂಬರನ್ನು ಬೆರಳಿಟ್ಟು ಓದಿ, ದಪ್ಪ ಪುಸ್ತಕದಲ್ಲಿ ಬರೆದು, ಒಂದು ಚೀಟಿ ಹರಿದು ಕೊಡುತ್ತಿದ್ದರು. ಆ ಚೀಟಿಯನ್ನು ಅಪ್ಪ ಅಂಗಿಯ ಒಳಜೇಬಿಗೆ ಹಾಕಿ, ಮನೆಗೆ ಬಂದು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಕೆಳಗೆ ಇಡುತ್ತಿದ್ದ. 'ಬಂದೂಕು ಹೋದರೂ ಚೀಟಿ ಇರಬೇಕು ನೋಡಪಾ' ಅನ್ನುತ್ತಿದ್ದ.

ಕಣ್ಣು ಮಂಜಾದ ಮೇಲೆ ಅವನು ಅದನ್ನು ಕಂಪ್ಲಿ ಕಡೆಯ ರೈತರೊಬ್ಬರಿಗೆ ಮಾರಿದ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಸ್ವಂತಕ್ಕೆ ಇಟ್ಟುಕೊಂಡ ಬಂದೂಕನ್ನು ಮಾರುವವನು ಮೊದಲು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದುಕೊಡಬೇಕು: ಇಂಥವರಿಗೆ ಮಾರುತ್ತೀನಿ, ಅವರ ಹೆಸರು ಇದು, ವಿಳಾಸ ಇದು ಅಂತ. ಅಲ್ಲಿಂದ 45 ದಿನ ಕಳೆಯುವವರೆಗೆ ಬಂದೂಕು ಕೈ ಬದಲಾಗುವಂತಿಲ್ಲ. ಕೊಳ್ಳುವವರ ಹತ್ತಿರವೂ ಲೈಸನ್ಸ್ ಇರಬೇಕು. ಕಂಪ್ಲಿಯವರ ಮನೆತನ, ಹೊಲ, ಬೀಗರು ಯಾರು ಅಂತ ಎಲ್ಲಾ ಗೊತ್ತಿದ್ದೂ ಅಪ್ಪ 45 ದಿನ ಕಾದ. ಅರ್ಜಿಯ ನಕಲಿನ ಮೇಲೆ ಠಾಣೆಯ ಸೀಲು ಹಾಕಿಸಿಕೊಂಡ. ಅವನು ತೀರಿಕೊಂಡ ಮೇಲೆ ಟ್ರಂಕು ತೆಗೆದಾಗ ಹೊಲದ ಪತ್ರಗಳ ಜೊತೆ ಆ ನಕಲೂ ಸಿಕ್ಕಿತು.

ಈಗ ಇಲ್ಲಿಯ ಮಾತು. ಟೆಕ್ಸಾಸಿನಲ್ಲಿ ಬಂದೂಕಿನ ನೋಂದಣಿ ಇಲ್ಲ. ವ್ಯಾಪಾರಿಯಲ್ಲದ ಒಬ್ಬ, ಇದೇ ರಾಜ್ಯದ ಇನ್ನೊಬ್ಬನಿಗೆ ತನ್ನ ಸ್ವಂತದ್ದನ್ನು ಮಾರಿದರೆ ಹಿನ್ನೆಲೆ ಪರಿಶೀಲನೆ ಮಾಡಿಸಲೇಬೇಕು ಅಂತ ಕಾನೂನಿಲ್ಲ. ನಿನಗೆ ಯಾರೋ ಹೇಳಿದ್ದು ಇಷ್ಟನ್ನೇ. ಇದೂ ಎಲ್ಲಾ ಕಡೆ ಹೀಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರೂ ಲೈಸನ್ಸ್ ಇರುವ ಅಂಗಡಿಗೇ ಹೋಗಬೇಕು, ಹತ್ತು ದಿನ ಕಾಯಬೇಕು. ವಾಷಿಂಗ್ಟನ್ ರಾಜ್ಯದಲ್ಲಿ 2014ರಲ್ಲಿ ಜನರೇ ಮತ ಹಾಕಿ ಅಂಥ ಕಾನೂನು ತಂದರು. ನಾಳೆ ನೀನು ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿಯ ನಿಯಮ ನೋಡಿಕೊಂಡೇ ಮುಂದಿನ ಹೆಜ್ಜೆ ಇಡು.

ಆದರೆ ಟೆಕ್ಸಾಸಿನ ಮೇಲೆ ಕೇಂದ್ರದ ಕಾನೂನೂ ಇದೆ. 1968ರ ಬಂದೂಕು ನಿಯಂತ್ರಣ ಕಾಯ್ದೆ ಕೆಲವರಿಗೆ ಬಂದೂಕು ಕೊಡಲೇಬಾರದು ಅನ್ನುತ್ತದೆ. ದೊಡ್ಡ ಅಪರಾಧದಲ್ಲಿ ಶಿಕ್ಷೆಯಾದವರು, ತಲೆಮರೆಸಿಕೊಂಡವರು, ಹೆಂಡತಿ ಮಕ್ಕಳ ಮೇಲೆ ಕೈಮಾಡಿ ಶಿಕ್ಷೆ ಅನುಭವಿಸಿದವರು, ಮಾದಕ ವಸ್ತು ಸೇವಿಸುವವರು, ಕಾಗದ ಇಲ್ಲದೆ ದೇಶದಲ್ಲಿ ಇರುವವರು, ಹೀಗೆ ಪಟ್ಟಿ ಉದ್ದ ಇದೆ. ಅಂಥವನೆಂದು ಗೊತ್ತಿದ್ದು ಮಾರಿದರೂ ತಪ್ಪು, ಅನುಮಾನ ಪಡಲು ಸರಿಯಾದ ಕಾರಣ ಇದ್ದೂ ಮಾರಿದರೂ ತಪ್ಪು. 2022ರ ಕಾನೂನು ಬಂದ ಮೇಲೆ ಇದಕ್ಕೆ 15 ವರ್ಷದವರೆಗೂ ಜೈಲು ಆಗಬಹುದು. 'ಪೇಪರ್ ಬೇಡ, ಜಾಸ್ತಿ ದುಡ್ಡು ಕೊಡ್ತೀನಿ' ಅನ್ನುವವನ ಮೇಲೆ ಅನುಮಾನ ಪಡಲು ಇನ್ನೇನು ಕಾರಣ ಬೇಕು ಹೇಳು? ನಿನ್ನ ಮತ್ತು ನನ್ನಂಥವರ ವಿಷಯದಲ್ಲಿ ಇನ್ನೊಂದಿದೆ. ಗ್ರೀನ್ ಕಾರ್ಡ್ ಇದ್ದವನು ಬಂದೂಕಿನ ಅಪರಾಧದಲ್ಲಿ ಶಿಕ್ಷೆಗೊಳಗಾದರೆ ಅವನನ್ನು ದೇಶದಿಂದ ಹೊರಗೆ ಹಾಕಬಹುದು. ಹೆಂಡತಿ ಮಗಳು ಬಂದು ಇಳಿಯುವ ಹೊತ್ತಿಗೆ ಐವತ್ತು ಡಾಲರಿನ ಆಸೆಗೆ ಅದನ್ನು ಪಣಕ್ಕಿಡುತ್ತೀಯಾ?

ಒಕ್ಲಹೋಮದವನಿಗೆ ನೀನು ನೇರವಾಗಿ ಕೊಡುವಂತೆಯೇ ಇಲ್ಲ. ಬೇರೆ ರಾಜ್ಯದ ನಿವಾಸಿಗೆ ಖಾಸಗಿಯಾಗಿ ಮಾರುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಪಿಸ್ತೂಲಾದರೆ ಅವನ ರಾಜ್ಯದ ಲೈಸನ್ಸ್ ಅಂಗಡಿಯ ಮೂಲಕವೇ ಅವನ ಕೈಸೇರಬೇಕು. ಕೆಂಪು ನದಿ ದಾಟಿದರೆ ಬಂತು, ಒಂದೂವರೆ ತಾಸಿನ ದಾರಿ ಅನ್ನಬಹುದು, ಆದರೂ ಅದು ಬೇರೆ ರಾಜ್ಯವೇ. ಅವನನ್ನು ಬಿಟ್ಟುಬಿಡು.

ಇನ್ನು ನನ್ನ ಕಥೆ. ಗ್ರೀನ್ ಕಾರ್ಡ್ ಬಂದ ಮರುವರ್ಷ, 2009ರಲ್ಲಿ, ಗುರಿ ಹೊಡೆಯುವ ಹುಚ್ಚಿಗೆ ಒಂದು ಪಿಸ್ತೂಲು ಕೊಂಡಿದ್ದೆ. 2012ರ ಜುಲೈನಲ್ಲಿ ಮಾರಿದೆ. ದೊಡ್ಡ ಅಂಗಡಿಯೊಂದರ ಪಾರ್ಕಿಂಗಿನಲ್ಲಿ, ಕಾರಿನ ಬಾನೆಟ್ ಮುಟ್ಟಿದರೆ ಕೈ ಸುಡುವ ಮಧ್ಯಾಹ್ನ. ಬಂದವನು ನಗುಮುಖದವನು, ಮಗುವಿನ ಸೀಟು ಅವನ ಕಾರಿನಲ್ಲಿತ್ತು. ಆ ಸೀಟು ನೋಡಿಯೇ ನನಗೆ ನಂಬಿಕೆ ಬಂತು. ಇಪ್ಪತ್ತರ ಇಪ್ಪತ್ತು ನೋಟು ಎಣಿಸಿ ಕೊಟ್ಟ, ಕೈ ಕುಲುಕಿದ, ಹೋದ. ಅವನ ಪೂರ್ತಿ ಹೆಸರನ್ನೂ ನಾನು ಕೇಳಲಿಲ್ಲ.

ಎರಡು ವರ್ಷದ ಮೇಲೆ ಒಬ್ಬ ಅಧಿಕಾರಿಯ ಫೋನು. ಯಾವುದೋ ಕಳವಿನ ಕೇಸಿನಲ್ಲಿ ಒಂದು ಪಿಸ್ತೂಲು ಸಿಕ್ಕಿದೆ, ಅದರ ನಂಬರು ನಿಮ್ಮ ಹೆಸರಿಗೆ ಬಂದು ನಿಂತಿದೆ ಅಂದರು. ಇದು ಹೇಗೆ ನಡೆಯುತ್ತದೆ ಅಂತ ನೀನು ಚೆನ್ನಾಗಿ ತಿಳಿದುಕೊಳ್ಳಬೇಕು. ಯಾರ ಹತ್ತಿರ ಯಾವ ಬಂದೂಕಿದೆ ಅಂತ ತೋರಿಸುವ ದೇಶದ ಪಟ್ಟಿ ಇಲ್ಲಿಲ್ಲ. 1986ರ ಕಾನೂನು ಅಂಥ ಪಟ್ಟಿ ಮಾಡುವುದನ್ನೇ ತಡೆದಿದೆ. ಹಾಗಾಗಿ ಸಿಕ್ಕ ಬಂದೂಕಿನ ನಂಬರು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿರುವ ಎಟಿಎಫ್‌ನ ಪತ್ತೆ ಕೇಂದ್ರಕ್ಕೆ ಹೋಗುತ್ತದೆ. ಎಟಿಎಫ್ ಅಂದರೆ ಬಂದೂಕಿನ ಕಾನೂನು ನೋಡಿಕೊಳ್ಳುವ ಕೇಂದ್ರದ ಇಲಾಖೆ. ಅವರು ತಯಾರಿಸಿದ ಕಂಪನಿಯನ್ನು ಕೇಳುತ್ತಾರೆ, ಕಂಪನಿ ಸಗಟು ವ್ಯಾಪಾರಿಯ ಹೆಸರು ಹೇಳುತ್ತದೆ, ಅವನು ಚಿಲ್ಲರೆ ಅಂಗಡಿಯ ಹೆಸರು ಹೇಳುತ್ತಾನೆ, ಅಂಗಡಿಯವನು ತನ್ನ ಪುಸ್ತಕ ತೆಗೆದು 4473 ನಂಬರಿನ ಫಾರಂ ನೋಡುತ್ತಾನೆ. ಆ ಫಾರಂನಲ್ಲಿ ಮೊದಲು ಕೊಂಡವನ ಹೆಸರಿರುತ್ತದೆ. ದಾರಿ ಅಲ್ಲಿಗೆ ನಿಲ್ಲುತ್ತದೆ. ನಿನ್ನ ಪಿಸ್ತೂಲಿನ ಫಾರಂನಲ್ಲಿ ಇರುವುದು ನಿನ್ನ ಹೆಸರೇ.

'ಯಾರಿಗೆ ಕೊಟ್ಟಿರಿ?' ಅಂದರು. ನನ್ನ ಹತ್ತಿರ ಇದ್ದದ್ದು ಒಂದು ಅರ್ಧ ಹೆಸರು, ಎಂದೋ ನಿಂತುಹೋದ ಒಂದು ಫೋನ್ ನಂಬರು. ಅಡುಗೆಮನೆಯ ಮೇಜಿನ ಮುಂದೆ ಕೂತು, ಕೈಯಲ್ಲಿ ಪೆನ್ನು ಹಿಡಿದು, ಬರೆಯಲು ಏನೂ ಇಲ್ಲದೆ ಅಪ್ಪನ ದೇವರ ಗೂಡು ನೆನೆಸಿಕೊಂಡೆ. ಕೇಸೇನೂ ಆಗಲಿಲ್ಲ. ಆದರೆ ವಕೀಲರಿಗೆ ದುಡ್ಡು ಸುರಿದೆ, ಆರು ವಾರ ನಿದ್ದೆಗೆಟ್ಟೆ, ಊರಿನಲ್ಲಿ ಅವ್ವನಿಗೆ ಫೋನು ಮಾಡಿದಾಗ ದನಿ ನಡುಗದ ಹಾಗೆ ನೋಡಿಕೊಂಡೆ. ಆ ಪಿಸ್ತೂಲು ಯಾರ ಎದೆಗೆ ಗುರಿಯಾಗಿತ್ತೋ ಅನ್ನುವ ಯೋಚನೆ ಇವತ್ತಿಗೂ ಬರುತ್ತದೆ.

ಅದಕ್ಕೇ ಕಾನೂನು ಕೇಳಲಿ ಬಿಡಲಿ, ಗುರುತಿಲ್ಲದವನಿಗೆ ಕೊಡುವುದಾದರೆ ಲೈಸನ್ಸ್ ಇರುವ ಬಂದೂಕಿನ ಅಂಗಡಿಯೊಳಗೇ ಕೊಡು. ನಮ್ಮ ಕೈಯಲ್ಲಿ ಯಾರ ಹಿನ್ನೆಲೆಯನ್ನೂ ನೋಡಲು ಆಗುವುದಿಲ್ಲ. ಎಫ್‌ಬಿಐ 1998ರಿಂದ ನಡೆಸುತ್ತಿರುವ ತಕ್ಷಣದ ಪರಿಶೀಲನೆಯನ್ನು ಅಂಗಡಿಯವರು ಮಾತ್ರ ಕೇಳಬಹುದು, ಖಾಸಗಿಯವರಿಗೆ ಆ ದಾರಿ ಇಲ್ಲ. ಮೊದಲೇ ಫೋನು ಮಾಡಿ, ಇಬ್ಬರ ನಡುವಿನ ವರ್ಗಾವಣೆ ಮಾಡಿಕೊಡ್ತೀರಾ, ಎಷ್ಟು ತಗೊಳ್ತೀರಾ ಅಂತ ಕೇಳು. ಸಾಮಾನ್ಯವಾಗಿ 25ರಿಂದ 50 ಡಾಲರ್. ಅಂಗಡಿಯವನು ನಿನ್ನ ಪಿಸ್ತೂಲನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಕೊಳ್ಳುವವನು ಫೋಟೊ ಇರುವ ಐಡಿ ತೋರಿಸಿ 4473 ತುಂಬುತ್ತಾನೆ. ಈಗ ಪಿಸ್ತೂಲಿನ ದಾರಿ ನಿನ್ನ ಹೆಸರಿಗೆ ನಿಲ್ಲದೆ ಅವನವರೆಗೂ ಹೋಗುತ್ತದೆ. ಎಲ್ಲಾ ಮುಗಿಯುವವರೆಗೆ ಅಲ್ಲೇ ಇರು, ಪಿಸ್ತೂಲು ಬಿಟ್ಟು ಬರಬೇಡ. ಪರಿಶೀಲನೆಯಲ್ಲಿ ಅವನು ನಪಾಸಾದರೆ, ನೀನು ಬಿಟ್ಟು ಬಂದದ್ದನ್ನು ವಾಪಸ್ ಪಡೆಯಲು ನೀನೂ ಫಾರಂ ತುಂಬಬೇಕಾದೀತು. ಕೆಲವರು ಟೆಕ್ಸಾಸಿನ ಬಂದೂಕು ಒಯ್ಯುವ ಲೈಸನ್ಸ್ ತೋರಿಸುತ್ತಾರೆ. ಅದು ಒಳ್ಳೆಯ ಗುರುತು, ಹಿನ್ನೆಲೆ ನೋಡಿಯೇ ಕೊಟ್ಟಿರುತ್ತಾರೆ. ಆದರೂ ಅಂಗಡಿಯಲ್ಲೇ ಮುಗಿಸು.

ಮಾರಾಟದ ಪತ್ರ ಎರಡು ಪ್ರತಿ ಮಾಡು. ತಯಾರಕರು, ಮಾಡೆಲ್, ಕ್ಯಾಲಿಬರ್, ಸೀರಿಯಲ್ ನಂಬರು, ತಾರೀಖು, ಬೆಲೆ, ಇಬ್ಬರ ಹೆಸರು ವಿಳಾಸ, ಸಹಿ. ಅವನು ಟೆಕ್ಸಾಸಿನ ನಿವಾಸಿ, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲ ಅಂತ ಅವನ ಕೈಯಲ್ಲೇ ಒಂದು ಸಾಲು ಬರೆಸು. ಸರ್ಕಾರ ಇದನ್ನು ಕೇಳುವುದಿಲ್ಲ. ನೀನು ಇಟ್ಟುಕೋ, ಎಂದೂ ಬಿಸಾಡಬೇಡ.

ತೆಗೆದುಕೊಂಡು ಹೋಗುವ ರೀತಿಯೂ ಮುಖ್ಯ. ಮನೆಯಲ್ಲೇ ಮ್ಯಾಗಜೀನ್ ತೆಗೆ, ನಳಿಗೆಯ ಹಿಂದಿನ ಗೂಡು ಖಾಲಿ ಇದೆಯಾ ಅಂತ ಕಣ್ಣಿಂದ ನೋಡು, ಬೆರಳಿಂದಲೂ ಮುಟ್ಟಿ ನೋಡು. ಬೀಗದ ಪೆಟ್ಟಿಗೆಗೆ ಹಾಕು, ಗುಂಡುಗಳು ಮನೆಯಲ್ಲೇ ಇರಲಿ. ಅಂಗಡಿಯಲ್ಲಿ ಪೆಟ್ಟಿಗೆ ಮುಚ್ಚಿಯೇ ಇಟ್ಟು, ವರ್ಗಾವಣೆಗೆ ತಂದಿದ್ದೀನಿ, ಎಲ್ಲಿ ತೆಗೆಯಲಿ ಅಂತ ಕೇಳು. ಕೊಳ್ಳುವವನನ್ನು ಮನೆಗೆ ಕರೆಯಬೇಡ, ಮನೆಯಲ್ಲಿ ಬಂದೂಕಿದೆ ಅಂತ ಗುರುತಿಲ್ಲದವರಿಗೆ ವಿಳಾಸ ಸಮೇತ ಗೊತ್ತಾಗುವುದು ಒಳ್ಳೆಯದಲ್ಲ. ಚೆಕ್ಕು ಬೇಡ, ನಗದನ್ನು ಅಂಗಡಿಯ ಒಳಗೇ ಎಣಿಸಿಕೋ.

ಇನ್ನೊಂದು ಮಾತು, ಇದು ನಮ್ಮವರ ಬಗ್ಗೆ. ಒಂದು ಯುಗಾದಿ ಊಟದಲ್ಲಿ, ಹೋಳಿಗೆಯ ಪಂಕ್ತಿಯಲ್ಲಿ, ಮಾನ್ವಿ ಕಡೆಯ ಹುಡುಗನೊಬ್ಬ ಪಕ್ಕಕ್ಕೆ ಕೂತ. ಎಂ.ಎಸ್. ಓದುತ್ತಿದ್ದ. 'ಅಣ್ಣಾರೆ, ನಿಮ್ಮ ಹತ್ರ ಇರೋದನ್ನ ನನಗ ಕೊಡ್ರಿ, ರೊಕ್ಕ ಎಷ್ಟಾದ್ರೂ ಕೊಡ್ತೀನಿ' ಅಂದ. ಆಗುವುದಿಲ್ಲ ಅಂದೆ. 'ಹಂಗಾದ್ರ ನಿಮ್ಮ ಹೆಸರಿಲೆ ಅಂಗಡ್ಯಾಗ ತಗೊಂಡು ಕೊಡ್ರಿ' ಅಂದ. ಅದು ಇನ್ನೂ ದೊಡ್ಡ ತಪ್ಪು. ನಿಜವಾಗಿ ಕೊಳ್ಳುವವನು ನೀನೇನಾ ಅಂತ ಫಾರಂ ಕೇಳುತ್ತದೆ, ಬೇರೆಯವನಿಗಾಗಿ ಸುಳ್ಳು ಬರೆದರೆ ಅದಕ್ಕೇ 10 ವರ್ಷದವರೆಗೆ ಶಿಕ್ಷೆ ಇದೆ, ಬಂದೂಕು ಇಟ್ಟುಕೊಳ್ಳಬಾರದವನಿಗಾಗಿ ಗೊತ್ತಿದ್ದೂ ಕೊಂಡರೆ 15 ವರ್ಷದವರೆಗೂ ಆಗಬಹುದು. ಹುಡುಗನಿಗೆ ಬೇಜಾರಾಯಿತು, ನಮ್ಮವರೇ ನಂಬಲಿಲ್ಲ ಅಂದುಕೊಂಡ. ಎಲೆ ಮಡಿಚಿದ ಮೇಲೆ ಹೊರಗೆ ಕರೆದು ಹೇಳಿದೆ. ಓದುವ ಎಫ್-1 ವೀಸಾ, ಕೆಲಸದ ಎಚ್-1ಬಿ ವೀಸಾ ಇವುಗಳ ಮೇಲೆ ಬಂದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ರಾಜ್ಯ ಕೊಟ್ಟ ಬೇಟೆಯ ಲೈಸನ್ಸ್ ಇದ್ದರೆ ಅನ್ನುವಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಅಂಥವನಿಗೆ ನಾನು ಕೊಟ್ಟರೆ ಅವನ ಓದೂ ಹೋಗುತ್ತದೆ, ನನ್ನ ಬದುಕೂ ಹೋಗುತ್ತದೆ. ನಿನಗೆ ಗೊತ್ತಿರುವ ನಮ್ಮ ಹುಡುಗರು ಕೇಳಿದರೂ ಇದನ್ನೇ ಹೇಳು, ಪ್ರೀತಿಯಿಂದಲೇ ಹೇಳು.

ನಿನಗೆ ಸಮಯ ಕಡಿಮೆ ಇದೆ. ಹಾಗಾಗಿ ನನ್ನ ಮನಸ್ಸಿಗೆ ಸರಿ ಕಾಣುವುದು ಅಂಗಡಿಗೇ ಮಾರಿಬಿಡುವುದು. ಬೆಲೆ ಕಡಿಮೆ ಕೊಡುತ್ತಾರೆ, ನೂರು ಡಾಲರೋ ಅದಕ್ಕಿಂತ ಹೆಚ್ಚೋ ಹೋದೀತು. ಹೋಗಲಿ. ರಸೀದಿ ಕೈಗೆ ಬರುತ್ತದೆ, ಅದೇ ದಿನ ಮುಗಿಯುತ್ತದೆ. ಮಾರುವವರೆಗೆ ಬೀಗ ಹಾಕಿಡು. 17 ವರ್ಷದ ಒಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲೂ ಅಪರಾಧವೇ. ನಾಲ್ಕು ವರ್ಷದ ಮಗು ಹೊಸ ಮನೆಗೆ ಬಂದ ದಿನವೇ ಎಲ್ಲಾ ಡ್ರಾಯರ್ ಎಳೆದು ನೋಡುತ್ತದೆ, ನನ್ನ ಮಗಳೂ ಹಾಗೇ ಮಾಡಿದ್ದಳು.

ಇಲ್ಲ ಅಣ್ಣ, ಆ ಬೆಲೆಯೇ ಬೇಕು ಅನ್ನುವುದಾದರೆ ಇಲ್ಲಿಯವನಿಗೆ ಇಷ್ಟೇ ಬರೆ: 'ಶನಿವಾರ ಬೆಳಗ್ಗೆ ಹತ್ತಕ್ಕೆ ಬಂದೂಕಿನ ಅಂಗಡಿಗೆ ಬನ್ನಿ, ಟೆಕ್ಸಾಸ್ ಐಡಿ ತನ್ನಿ, ವರ್ಗಾವಣೆ ಅಲ್ಲೇ ಆಗುತ್ತದೆ, ಖರ್ಚು ನನ್ನದು.' ಒಪ್ಪಿದರೆ ನೋಡೋಣ. ಒಪ್ಪದಿದ್ದರೆ ಅವನ ನಂಬರು ಅಳಿಸಿಬಿಡು. ಶನಿವಾರ ನನಗೆ ರಜೆ, ನಾನೂ ಬರುತ್ತೀನಿ. ಪಿಸ್ತೂಲು ಕೊಂಡಾಗ ಅಂಗಡಿಯವರು ಕೊಟ್ಟ ರಸೀದಿ ಎಲ್ಲಿಟ್ಟಿದ್ದೀಯೋ ಹುಡುಕಿ ಇಟ್ಟಿರು.