ಲುಟೀಶಿಯಂ ಪ್ರಯೋಗಕ್ಕೆ ಅಪ್ಪನನ್ನು ಸೇರಿಸಬಹುದೇ?

ಪ್ರಶ್ನೆ: ತಂದೆಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ. ಹಾರ್ಮೋನ್ ಇಂಜೆಕ್ಷನ್, ಮಾತ್ರೆ, ಕೀಮೋ ಎಲ್ಲ ಆಗಿ, ರಕ್ತದಲ್ಲಿ ಈ ಕ್ಯಾನ್ಸರ್‌ನ ಸೂಚಕವಾದ ಪಿಎಸ್‌ಎ ಮತ್ತೆ ಏರುತ್ತಿದೆ. ಲುಟೀಶಿಯಂ ಎಂಬ ವಿಕಿರಣ ಔಷಧದ ಪ್ರಯೋಗಕ್ಕೆ ಸೇರಿಸಬಹುದು ಎನ್ನುತ್ತಾರೆ. ಬರೀ ಸಲೈನ್ ಹಾಕಿ ಕಳಿಸಿಬಿಟ್ಟರೆ? ಮನೆಯಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ.

ಉತ್ತರ: ಮೊದಲು ಸ್ಕ್ಯಾನ್ ವಿಚಾರ, ಎಲ್ಲವೂ ನಿಂತಿರುವುದು ಅದರ ಮೇಲೆ. ಈ ಔಷಧದ ಒಂದು ತುದಿ ಕ್ಯಾನ್ಸರ್ ಕೋಶದ ಮೈಮೇಲಿನ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟುತ್ತದೆ, ಇನ್ನೊಂದು ತುದಿಯಲ್ಲಿ ವಿಕಿರಣ ಸೂಸುವ ಲುಟೀಶಿಯಂ-177 ಇರುತ್ತದೆ. ಅದರ ಬೀಟಾ ಕಿರಣ ಹೆಚ್ಚೆಂದರೆ 2 ಮಿಲಿಮೀಟರ್ ಹೋಗುತ್ತದೆ. ಪಿಎಸ್‌ಎಂಎ ಇಲ್ಲದ ಗಡ್ಡೆಗೆ ಔಷಧ ಮುಟ್ಟುವುದೇ ಇಲ್ಲ. (ರಕ್ತದಲ್ಲಿ ಅಳೆಯುವ ಪಿಎಸ್‌ಎ ಬೇರೆ, ಹೆಸರು ಹತ್ತಿರವಿದೆ ಅಷ್ಟೇ.) ಅದಕ್ಕೇ ಪಿಎಸ್‌ಎಂಎ ಇರುವ ಜಾಗ ಬೆಳಗಿಸಿ ತೋರಿಸುವ ಗ್ಯಾಲಿಯಂ-68 ಪೆಟ್ ಸ್ಕ್ಯಾನ್ ಮಾಡಿ, ಗಡ್ಡೆ ಲಿವರ್‌ಗಿಂತ ಹೆಚ್ಚು ಬೆಳಗುತ್ತದೆಯೇ ಎಂದು ನೋಡುತ್ತಾರೆ. ಸಿಟಿಯಲ್ಲಿ ಕಾಣುವ ದೊಡ್ಡ ಗಡ್ಡೆ ಪೆಟ್‌ನಲ್ಲಿ ಕಪ್ಪಾಗಿದ್ದರೆ ಸೇರಿಸಿಕೊಳ್ಳದಿರಬಹುದು. ಬೇಸರವಾಗುವುದು ಸಹಜ, ಆದರೆ ನಾಟದ ಚಿಕಿತ್ಸೆಯ ಸಂಕಟ ತಂದೆಗೆ ತಪ್ಪುತ್ತದೆ.

ಸಲೈನ್ ಭಯಕ್ಕೆ ಬರೋಣ. 831 ಮಂದಿಯ ವಿಷನ್ ಪ್ರಯೋಗದಲ್ಲಿ ಮೂವರಲ್ಲಿ ಇಬ್ಬರಿಗೆ ಎಂದಿನ ಚಿಕಿತ್ಸೆಯ ಜೊತೆ ಲುಟೀಶಿಯಂ, ಒಬ್ಬರಿಗೆ ಎಂದಿನ ಚಿಕಿತ್ಸೆ ಮಾತ್ರ. ಹುಸಿ ಔಷಧ ಯಾರಿಗೂ ಕೊಡಲಿಲ್ಲ. ಬದುಕುಳಿದ ಮಧ್ಯಾಂಕ ಅವಧಿ (ಅರ್ಧದಷ್ಟು ಮಂದಿ ಇದಕ್ಕಿಂತ ಹೆಚ್ಚು ಬದುಕಿದ ಅವಧಿ) ಲುಟೀಶಿಯಂ ಪಡೆದವರಲ್ಲಿ 15.3 ತಿಂಗಳು, ಇನ್ನೊಂದು ಗುಂಪಿನಲ್ಲಿ 11.3. ಇದು ರೋಗ ವಾಸಿಯಾಗುವ ಮಾತಲ್ಲ, ಸಿಗುವುದು ಕೆಲವು ತಿಂಗಳು. ನಿಮ್ಮ ಪ್ರಯೋಗದ ಒಪ್ಪಿಗೆ ಪತ್ರದಲ್ಲಿ ಎರಡನೇ ಗುಂಪಿಗೆ ಏನು ಕೊಡುತ್ತಾರೆ, ರೋಗ ಮುಂದುವರಿದರೆ ಲುಟೀಶಿಯಂಗೆ ಬದಲಾಗಬಹುದೇ ಎಂಬ ಎರಡು ಸಾಲು ಹುಡುಕಿ ಓದಿ.

ವಿಷನ್‌ನಲ್ಲಿ ಒಂದು ಡೋಸ್ 7.4 ಗಿಗಾಬೆಕೆರೆಲ್ (ವಿಕಿರಣದ ಅಳತೆ), 6 ವಾರಕ್ಕೊಮ್ಮೆ, ಹೆಚ್ಚೆಂದರೆ 6 ಸಲ. ಪ್ರತಿ ಸಲವೂ ಮುಂಚೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಲೇಬೇಕು. ಮೂಳೆಯಲ್ಲೇ ರೋಗವಿರುವವರಿಗೆ ರಕ್ತಕಣ ತಯಾರಾಗುವ ಮಜ್ಜೆಗೂ ಕಿರಣ ತಗಲಿ ರಕ್ತಕಣ ಇಳಿಯುತ್ತದೆ, ಆಗ ಡೋಸ್ ಮುಂದೂಡುತ್ತಾರೆ. ಜೊಲ್ಲಿನ ಗ್ರಂಥಿಯೂ ಔಷಧ ಹೀರುವುದರಿಂದ ಬಾಯಿ ಒಣಗುವುದು ಸಾಮಾನ್ಯ.

ಇನ್ನು ಮನೆಯ ಮಕ್ಕಳ ವಿಚಾರ. ವಿಕಿರಣ ಔಷಧ ಹೊರಬೀಳುವುದು ಮುಖ್ಯವಾಗಿ ಮೂತ್ರದಲ್ಲಿ. ಚೆನ್ನಾಗಿ ನೀರು ಕುಡಿಯಲಿ, ಕೂತೇ ಮೂತ್ರ ಮಾಡಲಿ, ಎರಡು ಸಲ ಫ್ಲಶ್ ಮಾಡಲಿ. ಪ್ರತಿ ಡೋಸ್ ಆದ ಮೇಲೆ ದೊಡ್ಡವರಿಂದ 2 ದಿನ, ಮಕ್ಕಳು ಮತ್ತು ಗರ್ಭಿಣಿಯರಿಂದ 7 ದಿನ ಒಂದು ಮೀಟರ್ ದೂರವಿರಲಿ. ಮಲಗುವ ಕೋಣೆ ದೊಡ್ಡವರಿಂದ 3 ದಿನ, ಮಕ್ಕಳಿಂದ 7 ದಿನ, ಗರ್ಭಿಣಿಯರಿಂದ 15 ದಿನ ಬೇರೆ. ಮೂತ್ರ ಹಿಡಿತದಲ್ಲಿಲ್ಲದಿದ್ದರೆ ಡೋಸ್‌ಗೆ ಮೊದಲೇ ತಿಳಿಸಿ. ಡೈಪರ್ ವಿಲೇವಾರಿಗೆ ಬೇರೆ ಕ್ರಮವಿದೆ.