ಉಬುಂಟು ಬಿಟ್ಟು ಆರ್ಚ್‌ಗೆ ಹೋದರೆ ಮಾತ್ರ ಲಿನಕ್ಸ್ ಕಲಿತಂತೆಯೇ?

ಹಾಸ್ಟೆಲಿನಲ್ಲಿ ಎಲ್ಲರೂ ಆರ್ಚ್ ಹಾಕಿಕೊಂಡಿದ್ದಾರೆ, ಉಬುಂಟು ಎಂದರೆ ನಗುತ್ತಾರೆ, ನಾನೂ ಉಬುಂಟುವಿನಿಂದ ಫೆಡೋರಾಕ್ಕೆ, ಅಲ್ಲಿಂದ ಆರ್ಚ್‌ಗೆ ಹೋಗಬೇಕೇ ಎಂದು ಬರೆದಿದ್ದೀರಿ. (ಇವೆಲ್ಲ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಬೇರೆ ಬೇರೆ ವಿತರಣೆಗಳು, ಅಂದರೆ ಡಿಸ್ಟ್ರೋಗಳು.) ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಈಗ ಆರ್ಚ್ ಇರುವ ಜಾಗದಲ್ಲಿ ನಮ್ಮ ಕಾಲದಲ್ಲಿ ಡೆಬಿಯನ್ ಎಂಬ ಇನ್ನೊಂದು ಡಿಸ್ಟ್ರೋದ, ಹೊಸ ಆವೃತ್ತಿಗಳು ಮೊದಲು ಬಂದು ಸೇರುವ ಅನ್‌ಸ್ಟೇಬಲ್ ಶಾಖೆ, ಅಂದರೆ ‘ಸಿಡ್’, ಇತ್ತು. ಉಳಿದದ್ದೆಲ್ಲ ಹೀಗೆಯೇ.

ನಾನು ಎಂಜಿನಿಯರಿಂಗ್ ಸೇರಿದಾಗ ಉಬುಂಟು ಸಿ.ಡಿ. ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತವಾಗಿ ಬರುತ್ತಿತ್ತು. ಆ ಯೋಜನೆ 2011ರಲ್ಲಿ ನಿಂತಿತು. ನನ್ನ ಮೊದಲ ಲಿನಕ್ಸ್ ಹಾಗೆ ಬಂದದ್ದು. ಆಮೇಲೆ ಹಿರಿಯ ವಿದ್ಯಾರ್ಥಿಗಳ ಮಾತು ಕೇಳಿ ಡೆಬಿಯನ್ ಹಾಕಿದೆ. 2009ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿದ್ದ ಸ್ಟೇಬಲ್, ಅಂದರೆ ಸ್ಥಿರ, ಆವೃತ್ತಿ 5.0, ಅದರ ಹೆಸರು ಲೆನ್ನಿ. ಸೊಗಸಾಗಿ ನಡೆಯುತ್ತಿತ್ತು. ನಡೆಯುತ್ತಿದೆ ಎಂಬುದೇ ಆ ಗುಂಪಿನಲ್ಲಿ ಕುಂದಾಗಿತ್ತು. ‘ಸ್ಟೇಬಲ್ ಏನಿದ್ದರೂ ಸರ್ವರ್‌ಗೆ, ಕಲಿಯುವವನಿಗಲ್ಲ’ ಎಂದು ಒಬ್ಬರು ಹೇಳಿದ್ದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು.

ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯ ಮಾದರಿಯನ್ನು ನಮ್ಮ ಮಾರ್ಗದರ್ಶಕರು ಡಾಕ್ಸ್ (ಮೈಕ್ರೋಸಾಫ್ಟ್ ವರ್ಡ್‌ನ ಹೊಸ ರೂಪ) ಕಡತವಾಗಿ ಕಳುಹಿಸಿದರು. ಲೆನ್ನಿಯ ಜೊತೆಗೆ ಬಂದ ಕಚೇರಿ ತಂತ್ರಾಂಶ ಓಪನ್‌ಆಫೀಸ್ 2.4. ಡಾಕ್ಸ್ ತೆರೆಯುವ ಸೌಲಭ್ಯ ಬಂದದ್ದು 3.0ರಲ್ಲಿ. ಗೆಳೆಯನ ವಿಂಡೋಸ್‌ನಲ್ಲಿ ತೆರೆದು ಹಳೆಯ ಡಾಕ್ ರೂಪದಲ್ಲಿ ಉಳಿಸಿಕೊಂಡಿದ್ದರೆ ಎರಡು ನಿಮಿಷದ ಕೆಲಸ. ನಾನು ಮಾಡಿದ್ದು ಬೇರೆ. ಪ್ಯಾಕೇಜ್‌ಗಳು, ಅಂದರೆ ಪ್ರೋಗ್ರಾಂಗಳ ಸಿದ್ಧ ಕಟ್ಟುಗಳು, ಎಲ್ಲಿಂದ ಬರಬೇಕೆಂದು ಹೇಳುವ ‘ಸೋರ್ಸಸ್ ಲಿಸ್ಟ್’ ಕಡತಕ್ಕೆ ಸಿಡ್‌ನ ಒಂದು ಸಾಲು ಸೇರಿಸಿ, ಅಲ್ಲಿಂದ ಹೊಸ ಓಪನ್‌ಆಫೀಸ್ ತರಿಸಿದೆ.

ಇಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಈಗಲೂ ವಾರಕ್ಕೊಬ್ಬರು ಇದೇ ಹಳ್ಳಕ್ಕೆ ಬೀಳುವುದನ್ನು ನೋಡುತ್ತಿದ್ದೇನೆ. ಲಿನಕ್ಸ್‌ನ ಬಹುತೇಕ ಎಲ್ಲ ಪ್ರೋಗ್ರಾಂಗಳೂ ಸಿ ಲೈಬ್ರರಿ ಎಂಬ, ಎಲ್ಲವೂ ಹಂಚಿಕೊಳ್ಳುವ ಮೂಲ ಸಂಕೇತದ ಸಂಗ್ರಹದ ಮೇಲೆ ನಿಂತಿರುತ್ತವೆ. ಡೆಬಿಯನ್‌ನಲ್ಲಿ ಆ ಪ್ಯಾಕೇಜಿನ ಹೆಸರು ‘ಲಿಬ್‌ಸಿ6’. ಲೆನ್ನಿಯಲ್ಲಿದ್ದದ್ದು ಅದರ 2.7ನೇ ಆವೃತ್ತಿ. ಸಿಡ್‌ನ ಓಪನ್‌ಆಫೀಸ್ ಅದಕ್ಕಿಂತ ಹೊಸ ಲೈಬ್ರರಿಯ ಮೇಲೆ ಕಟ್ಟಿದ್ದು. ಹಾಗಾಗಿ ನಾನು ಒಂದೇ ಒಂದು ಪ್ರೋಗ್ರಾಂ ಕೇಳಿದರೂ ಅದು ತನ್ನ ಜೊತೆಗೆ ಹೊಸ ಲಿಬ್‌ಸಿಯನ್ನು ಎಳೆದುಕೊಂಡು ಬಂತು. ಜನ ವಾಸವಿರುವ ಮನೆಯ ತಳಪಾಯದ ಕಲ್ಲನ್ನು ಒಂದು ಕಿಟಕಿಗೋಸ್ಕರ ಬದಲಿಸಿದ ಹಾಗಾಯಿತು.

ಅದನ್ನು ಎಪಿಟಿ, ಅಂದರೆ ಡೆಬಿಯನ್‌ನಲ್ಲಿ ಪ್ಯಾಕೇಜ್ ತರಿಸುವ ಉಪಕರಣ, ನನ್ನಿಂದ ಮುಚ್ಚಿಡಲಿಲ್ಲ. ಹೊಸದಾಗಿ ಬರುವ ಪ್ಯಾಕೇಜ್‌ಗಳು, ಮೇಲ್ದರ್ಜೆಗೆ ಏರುವವು, ಅವುಗಳ ನಡುವೆ ‘ಈ ಕೆಳಗಿನವನ್ನು ತೆಗೆಯಲಾಗುವುದು’ ಎಂಬ ತಲೆಬರಹ. ಅದರ ಕೆಳಗಿನ ಪಟ್ಟಿಯಲ್ಲಿ ಕೋಡನ್ನು ಪ್ರೋಗ್ರಾಂ ಆಗಿಸುವ ಕಂಪೈಲರ್ ಮತ್ತು ಅದಕ್ಕೆ ಬೇಕಾದ ‘ಲಿಬ್‌ಸಿ6-ಡೆವ್’ ಇದ್ದವು. ಕೊನೆಯಲ್ಲಿ ಮುಂದುವರಿಯಲೇ ಎಂಬ ಪ್ರಶ್ನೆ. ಪರದೆ ತುಂಬ ಹರಿದುಹೋದ ಹೆಸರುಗಳನ್ನು ಓದದೆ ವೈ ಒತ್ತಿದೆ. ಹೊಸ ಓಪನ್‌ಆಫೀಸ್ ಬಂತು, ಡಾಕ್ಸ್ ತೆರೆಯಿತು. ಹಾಸ್ಟೆಲಿನ ನಿಧಾನಗತಿಯ ಇಂಟರ್ನೆಟ್‌ನಲ್ಲಿ ಸಿಡ್‌ನ ಪ್ಯಾಕೇಜ್ ಪಟ್ಟಿ ಪ್ರತಿಸಲ ಇಳಿಸಿಕೊಳ್ಳುವುದು ಹಿಂಸೆ ಎಂದು ಆ ಸಾಲನ್ನು ಅಳಿಸಿಯೂ ಹಾಕಿದೆ. ಅಲ್ಲಿಗೆ ನನ್ನ ಗಣಕ ಲೆನ್ನಿಯೂ ಅಲ್ಲ, ಸಿಡ್ಡೂ ಅಲ್ಲ ಎಂಬಂತಾಯಿತು. ಲಿಬ್‌ಸಿಗೆ ಲೆನ್ನಿಯ ಭದ್ರತಾ ಪರಿಷ್ಕರಣೆಗಳು ಬಂದರೂ ನನ್ನಲ್ಲಿದ್ದ ಆವೃತ್ತಿಯ ಸಂಖ್ಯೆಯೇ ದೊಡ್ಡದಾದ್ದರಿಂದ ಎಪಿಟಿ ಅವುಗಳನ್ನು ಮುಟ್ಟುತ್ತಿರಲಿಲ್ಲ.

ಕೋಡ್ ಮುಗಿದಿತ್ತು. ವರದಿ ಬರೆಯುತ್ತಿದ್ದುದರಿಂದ ಕಂಪೈಲರ್ ಹೋದದ್ದು ತಿಳಿಯಲೇ ಇಲ್ಲ. ಪ್ರಾತ್ಯಕ್ಷಿಕೆಯ ಹಿಂದಿನ ಸಂಜೆ ಮಾರ್ಗದರ್ಶಕರು ಒಂದು ಸಣ್ಣ ಬದಲಾವಣೆ ಹೇಳಿದರು. ಟರ್ಮಿನಲ್ ತೆರೆದು ಪ್ರೋಗ್ರಾಂ ಕಟ್ಟುವ ‘ಮೇಕ್’ ಆದೇಶ ಕೊಟ್ಟರೆ ಜಿಸಿಸಿ, ಅಂದರೆ ಆ ಕಂಪೈಲರ್, ಸಿಗುತ್ತಿಲ್ಲ ಎಂದಿತು. ಮತ್ತೆ ಹಾಕಲು ಹೋದೆ. ಲೆನ್ನಿಯ ಲಿಬ್‌ಸಿ6-ಡೆವ್‌ಗೆ ಅದೇ ಆವೃತ್ತಿಯ ಲಿಬ್‌ಸಿ6 ಬೇಕು, ಒಂದು ಅಂಕಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಎಪಿಟಿ ಒಪ್ಪಲಿಲ್ಲ. ರಾತ್ರಿ ಎಪಿಟಿಯ ಕೆಳಗೆ ಕೆಲಸ ಮಾಡುವ ಡಿಪಿಕೆಜಿ ಎಂಬ ಉಪಕರಣಕ್ಕೆ ಒತ್ತಾಯದ ಆಯ್ಕೆ ಕೊಟ್ಟು ಹಳೆಯ ಲಿಬ್‌ಸಿಯನ್ನು ತುರುಕಿದೆ. ಹೊಸದನ್ನು ನೆಚ್ಚಿ ಬಂದಿದ್ದ ಪ್ರೋಗ್ರಾಂಗಳು ಒಂದೊಂದಾಗಿ ನಿಂತವು. ಬೆಳಿಗ್ಗೆ ಪರೀಕ್ಷಕರ ಮುಂದೆ ತೋರಿಸಲು ಮುದ್ರಿತ ವರದಿಯ ಹೊರತು ಏನೂ ಇರಲಿಲ್ಲ. ಕಾರಣ ವಿವರಿಸಲು ಹೋದೆ. ಅವರು ಕೇಳಿದ್ದು ನಡೆಯುವ ಪ್ರೋಗ್ರಾಂ. ನನ್ನ ಇಬ್ಬರು ಸಹಪಾಠಿಗಳ ಅಂಕವೂ ನನ್ನಿಂದ ಹೋಯಿತು. ಅದಕ್ಕೆ ಇವತ್ತಿಗೂ ನನಗೆ ಬೇಸರವಿದೆ.

ಡೆಬಿಯನ್ ಬಳಗದಲ್ಲಿ ಹೀಗೆ ಬೆರಕೆಯಾದ ವ್ಯವಸ್ಥೆಗೆ ‘ಫ್ರಾಂಕನ್‌ಡೆಬಿಯನ್’ ಎಂದು ಹೆಸರಿದೆ. ಹೀಗೆ ಮಾಡಬೇಡಿ ಎಂದು ಅವರ ವಿಕಿಯಲ್ಲಿ ಒಂದು ಪುಟವೇ ಇದೆ. ಹೊಸ ಪ್ರೋಗ್ರಾಂ ಬೇಕೆನ್ನುವವರಿಗೆ ಬ್ಯಾಕ್‌ಪೋರ್ಟ್ಸ್ ಆಗಲೂ ಇತ್ತು: ಹೊಸ ಆವೃತ್ತಿಯನ್ನು ಸ್ಟೇಬಲ್‌ನ ಲೈಬ್ರರಿಗಳ ಮೇಲೆಯೇ ಕಟ್ಟಿಕೊಡುವ ವ್ಯವಸ್ಥೆ ಅದು. ಈಗ ಅದರ ಜೊತೆಗೆ ಪ್ರೋಗ್ರಾಂ ಹಾಕಿಕೊಳ್ಳುವ ಇನ್ನೊಂದು ದಾರಿಯಾದ ಫ್ಲ್ಯಾಟ್‌ಪ್ಯಾಕ್ ಇದೆ. ಅದು ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ಇಟ್ಟುಕೊಳ್ಳುತ್ತದೆ, ನಿಮ್ಮ ಲಿಬ್‌ಸಿಯ ತಂಟೆಗೆ ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉಬುಂಟುವಿನಿಂದ ಫೆಡೋರಾಕ್ಕೆ, ಅಲ್ಲಿಂದ ಆರ್ಚ್‌ಗೆ ಹೋಗುವುದನ್ನು ತರಗತಿ ಪಾಸಾದಂತೆ ನೋಡುತ್ತಿದ್ದೀರಿ. ನಾನು ಅದನ್ನು ಒಪ್ಪುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ ಅದೇ, ಆದೇಶ ಕೊಡುವ ಶೆಲ್ ಅದೇ, ಜಿಸಿಸಿ ಅದೇ. ಬಹುಮಟ್ಟಿಗೆ ಬದಲಾಗುವುದು ಪ್ಯಾಕೇಜ್‌ಗಳನ್ನು ಯಾರು, ಎಷ್ಟು ಬೇಗ, ಎಷ್ಟು ಕಾಲ ನೋಡಿಕೊಳ್ಳುತ್ತಾರೆ ಎಂಬುದು. ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಸ್ಟೇಬಲ್ ಕೊಡುತ್ತದೆ, ನಡುವೆ ಆವೃತ್ತಿಗಳನ್ನು ಅಲುಗಾಡಿಸುವುದಿಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಸಮಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷದ ಬೆಂಬಲದೊಂದಿಗೆ. ಫೆಡೋರಾ ಸುಮಾರು ಆರು ತಿಂಗಳಿಗೊಂದು, ಪ್ರತಿಯೊಂದರ ಆಯಸ್ಸು ಹದಿಮೂರು ತಿಂಗಳ ಆಸುಪಾಸು. ಆರ್ಚ್‌ನಲ್ಲಿ ಆವೃತ್ತಿಯೆಂಬುದೇ ಇಲ್ಲ, ಹೊಸದು ಬಂದಂತೆಲ್ಲ ಹರಿದು ಬರುತ್ತಲೇ ಇರುತ್ತದೆ. ಡಿಸ್ಟ್ರೋಗಳ ಸುದ್ದಿ ಕೊಡುವ ಡಿಸ್ಟ್ರೋವಾಚ್ ತಾಣದ ಶ್ರೇಯಾಂಕ ತೋರಿಸಿ ವಾದ ಮಾಡುವವರನ್ನು ನಂಬಬೇಡಿ. ಅದು ಎಣಿಸುವುದು ಆ ತಾಣದಲ್ಲಿ ಆಯಾ ಡಿಸ್ಟ್ರೋದ ಪುಟವನ್ನು ಎಷ್ಟು ಮಂದಿ ತೆರೆದರು ಎಂಬುದನ್ನು, ಬಳಕೆದಾರರನ್ನಲ್ಲ.

ಆರ್ಚ್ ಬಗ್ಗೆ ನನಗೆ ದ್ವೇಷವಿಲ್ಲ. ಅವರ ವಿಕಿಯಷ್ಟು ಒಳ್ಳೆಯ ಕೈಪಿಡಿ ಲಿನಕ್ಸ್ ಲೋಕದಲ್ಲಿ ಇನ್ನೊಂದಿಲ್ಲ. ಡೆಬಿಯನ್‌ನಲ್ಲಿ ಕುಳಿತು ನಾನೂ ಅದನ್ನೇ ಓದುತ್ತೇನೆ. ಆದರೆ ಅಲ್ಲಿಯೂ ನನ್ನ ಕಥೆಯ ನಿಯಮವೇ ಇದೆ. ಪ್ಯಾಕೇಜ್ ಪಟ್ಟಿಯನ್ನು ಹೊಸದು ಮಾಡಿಕೊಂಡು ಒಂದೇ ಒಂದು ಪ್ರೋಗ್ರಾಂ ಹಾಕುವುದನ್ನು ಅವರು ಭಾಗಶಃ ಅಪ್‌ಗ್ರೇಡ್ ಎನ್ನುತ್ತಾರೆ, ಅದಕ್ಕೆ ಬೆಂಬಲವಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಮಾಡಿದರೆ ಪೂರ್ತಿ ಮಾಡಬೇಕು. ಆಂತರಿಕ ಪರೀಕ್ಷೆಯ ವಾರದಲ್ಲಿ ಪೂರ್ತಿ ಅಪ್‌ಗ್ರೇಡ್ ಮಾಡಿ, ಏನಾದರೂ ಕೆಟ್ಟರೆ ಕುಳಿತು ಸರಿಪಡಿಸುವ ಪುರುಸೊತ್ತು ನಿಮಗಿದೆಯೇ?

ನನ್ನ ಸಲಹೆ ಇಷ್ಟೇ. ಪಾಠದ, ಪ್ರಾಜೆಕ್ಟಿನ ಲ್ಯಾಪ್‌ಟಾಪ್‌ಗೆ ಡೆಬಿಯನ್ ಸ್ಟೇಬಲ್ ಹಾಕಿ. ಈಗಿನದು 2025ರ ಆಗಸ್ಟ್‌ನಲ್ಲಿ ಬಂದ 13, ಟ್ರಿಕ್ಸಿ. ವೈ-ಫೈ ಫರ್ಮ್‌ವೇರ್ (ಚಿಪ್ ನಡೆಯಲು ಅದಕ್ಕೆ ತುಂಬಬೇಕಾದ ತಂತ್ರಾಂಶ) ಹುಡುಕಿ ಸುಸ್ತಾಗಬೇಕು ಎಂಬ ಹಳೆಯ ದೂರು ಈಗ ಹೆಚ್ಚುಕಡಿಮೆ ಮುಗಿದಿದೆ. ಮುಕ್ತವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲರ್‌ನಲ್ಲೇ ಕೊಡೋಣ ಎಂದು 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ತೀರ್ಮಾನಿಸಿದರು, 2023ರ ಬುಕ್‌ವರ್ಮ್‌ನಿಂದ ಅದು ಜಾರಿಗೆ ಬಂತು. ಡಿಸ್ಕ್ ಭಾಗ ಮಾಡುವಾಗ ನಿಮ್ಮ ಸ್ವಂತ ಕಡತಗಳಿರುವ ‘ಹೋಮ್’ಗೆ ಬೇರೆಯದೇ ಪಾರ್ಟಿಷನ್ ಕೊಡಿ. ಕನ್ನಡ ಬರವಣಿಗೆಯ ಬಗ್ಗೆಯೂ ಕೇಳಿದ್ದೀರಿ: ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಜೊತೆ ಎಂ17ಎನ್ ಹಾಕಿಕೊಂಡರೆ ಕೆಜಿಪಿ ಮತ್ತು ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸಗಳು ಸಿಗುತ್ತವೆ, ಗುಬ್ಬಿ, ನವಿಲು ಅಕ್ಷರಶೈಲಿಗಳು ಡೆಬಿಯನ್‌ನ ಪ್ಯಾಕೇಜ್ ಭಂಡಾರದಲ್ಲೇ ಇವೆ. ಈ ವಿಷಯದಲ್ಲಿ ಡಿಸ್ಟ್ರೋ ಯಾವುದಾದರೂ ದೊಡ್ಡ ವ್ಯತ್ಯಾಸವಿಲ್ಲ.

ಕುತೂಹಲಕ್ಕೆ ಬೇಲಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಗಣಕದೊಳಗೆ ಇನ್ನೊಂದು ಕಾಲ್ಪನಿಕ ಗಣಕ ನಡೆಸುವ ವರ್ಟ್-ಮ್ಯಾನೇಜರ್ ಹಾಕಿಕೊಂಡು ಅದರೊಳಗೆ ಆರ್ಚ್ ಕಟ್ಟಿ, ಒಡೆಯಿರಿ, ಮತ್ತೆ ಕಟ್ಟಿ. ಅಲ್ಲಿ ಕೆಟ್ಟರೆ ಕಡತವೊಂದನ್ನು ಅಳಿಸಿದರಾಯಿತು. ನಿಜಕ್ಕೂ ಬೇರೆ ರುಚಿ ಬೇಕಿದ್ದರೆ ಲಿನಕ್ಸ್ ಬಿಟ್ಟು ಫ್ರೀಬಿಎಸ್‌ಡಿ ಎಂಬ ಬೇರೆಯದೇ ಕಾರ್ಯಾಚರಣ ವ್ಯವಸ್ಥೆ ಹಾಕಿ ನೋಡಿ. ಅಲ್ಲಿ ಕರ್ನಲ್, ಸಿ ಲೈಬ್ರರಿ, ಮೂಲ ಉಪಕರಣಗಳನ್ನೆಲ್ಲ ಒಂದೇ ತಂಡ ಒಂದೇ ಮೂಲಸಂಕೇತದ ಮರದಲ್ಲಿ ಬೆಳೆಸುತ್ತದೆ. ನೀವು ಹಾಕಿಕೊಳ್ಳುವ ಪ್ರೋಗ್ರಾಂಗಳು ‘ಯುಎಸ್‌ಆರ್ ಲೋಕಲ್’ ಕಡತಕೋಶದ ಕೆಳಗೆ ಪ್ರತ್ಯೇಕವಾಗಿರುತ್ತವೆ. ಲಿಬ್‌ಸಿಯಿಂದ ಪೆಟ್ಟು ತಿಂದ ನನಗೆ ಆ ಗಡಿರೇಖೆ ಕಂಡಾಗ ಆದ ಸಂತೋಷ ಹೇಳತೀರದು. ಅದೇ ಬಳಗದ ಓಪನ್‌ಬಿಎಸ್‌ಡಿಯ ಮ್ಯಾನ್ ಪುಟಗಳನ್ನು (ವ್ಯವಸ್ಥೆಯ ಜೊತೆಗೇ ಬರುವ ಕೈಪಿಡಿ) ಓದಿ, ಕೈಪಿಡಿಯನ್ನು ಎಷ್ಟು ಅಚ್ಚುಕಟ್ಟಾಗಿ ಬರೆಯಬಹುದು ಎಂದು ಗೊತ್ತಾಗುತ್ತದೆ. ನಿಮ್ಮ ಹಾಸ್ಟೆಲಿನ ವಾದಗಳಿಗಿಂತ ಈ ಓದಿನಿಂದ ಹೆಚ್ಚು ಕಲಿಯುತ್ತೀರಿ ಎಂದು ಖಂಡಿತವಾಗಿ ಹೇಳಬಲ್ಲೆ.

ಡೆಬಿಯನ್ ಹಾಕಿ ಎಂದದ್ದಕ್ಕೆ ಒಂದು ಅಪವಾದವಿದೆ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ, ಮೊದಲ ಸಲವೇ ಅದರ ಡ್ರೈವರ್‌ನೊಂದಿಗೆ ಗುದ್ದಾಡುವುದು ಬೇಡ ಎನ್ನಿಸಿದರೆ, ಲಿನಕ್ಸ್ ಮಿಂಟ್ ಎಂಬ ಡಿಸ್ಟ್ರೋ ಹಾಕಿ. ಅದರ ಡ್ರೈವರ್ ಮ್ಯಾನೇಜರ್‌ನಲ್ಲಿ ಗುಂಡಿ ಒತ್ತಿದರೆ ಕೆಲಸ ಮುಗಿಯುತ್ತದೆ. ಗ್ರಾಫಿಕ್ಸ್ ಮತ್ತು ವೈ-ಫೈ ಚಿಪ್ ಯಾವುದೆಂದು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆದೇಶ ಕೊಟ್ಟು ನೋಡಿ, ಬಂದ ಸಾಲುಗಳನ್ನು ಇಲ್ಲಿ ಹಾಕಿ. ಯಾವ ಪ್ಯಾಕೇಜ್ ಬೇಕಾಗುತ್ತದೆ ಎಂದು ಹೇಳುತ್ತೇನೆ.